ಹದಿನೇಳು ಸುತ್ತು

ರಾಣೆಬೆನ್ನೂರಿನಲ್ಲಿ ನಮ್ಮದು ಮೋಟಾರು ರಿಪೇರಿ ಅಂಗಡಿ. ಬೋರಿನ ಮೋಟಾರು ಸುಟ್ಟರೆ, ಮಿಕ್ಸರು ಹೊಗೆ ಬಿಟ್ಟರೆ, ಫ್ಯಾನು ಗುಂಯ್ ಎಂದು ನಿಂತಲ್ಲೇ ನಿಂತರೆ ಜನ ನಮ್ಮಲ್ಲಿಗೆ ತರುತ್ತಾರೆ. ಅಂಗಡಿಯ ಮುಂಭಾಗದಲ್ಲಿ ಕುರ್ಚಿ ಹಾಕಿಕೊಂಡು ನಮ್ಮ ಮನೆಯವರು ಕೂತಿರುತ್ತಾರೆ. ಅವರ ಹಿಂದೆ ಒಂದು ಪರದೆ, ಪರದೆಯ ಹಿಂದೆ ನಾನು. ಸುಟ್ಟ ತಂತಿ ಕಿತ್ತು ಹೊಸ ತಂತಿ ಸುತ್ತುವುದು ನನ್ನ ಕೆಲಸ. ಅದು ಯಾಕೆ ಸುಟ್ಟಿತು ಎಂದು ಗಿರಾಕಿಗೆ ವಿವರಿಸುವುದು ಅವರ ಕೆಲಸ. ಎರಡರಲ್ಲಿ ವಿವರಿಸುವುದೇ ಕಷ್ಟ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದಾರೆ.

ನಾನು ಈ ಕೆಲಸ ಕಲಿತದ್ದು ನಮ್ಮ ಮಾವನವರಿಂದ. ಮದುವೆಯಾಗಿ ಬಂದ ಎರಡನೇ ವರ್ಷ ಅವರ ಕಣ್ಣು ಮಂಜಾದವು. ಮಗನಿಗೆ ಕಲಿಸಲು ಒಂದು ತಿಂಗಳು ನೋಡಿ, "ಇವನ ಬೆರಳಿಗೆ ತಾಳ್ಮಿ ಇಲ್ಲ, ಬಾಯಿಗೆ ಐತಿ" ಎಂದು ತೀರ್ಮಾನಿಸಿ, ಆ ಕೆಲಸವನ್ನು ಸೊಸೆಗೆ ಕಲಿಸಿದರು. ಓಣಿಯಲ್ಲಿ ಮಾತ್ರ ಮಗನೇ ಕಲಿತ ಎಂದು ಹೇಳಿಕೊಂಡು ಬಂದರು. ಹಾಗೆ ಹೇಳಿದ್ದರಲ್ಲಿ ಅವರಿಗೆ ತಪ್ಪು ಕಾಣಲಿಲ್ಲ. ಖರೇ ಹೇಳಬೇಕೆಂದರೆ ಆಗ ನನಗೂ ಕಾಣಲಿಲ್ಲ. ಮಾವನವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಇಪ್ಪತ್ತೆರಡು ವರ್ಷಗಳಿಂದ ಊರಿನ ಮೋಟಾರುಗಳೆಲ್ಲ ನಮ್ಮ ಮನೆಯವರ ಕೈಯಿಂದಲೇ ರಿಪೇರಿಯಾಗುತ್ತಿವೆ.

ಮಳೆಗಾಲದಲ್ಲಿ ನಮಗೆ ಕೆಲಸ ಕಡಿಮೆ. ಬಾವಿ ಬೋರುಗಳಿಗೆ ವಿಶ್ರಾಂತಿ, ಮೋಟಾರುಗಳಿಗೂ ವಿಶ್ರಾಂತಿ. ಅಂಥ ಒಂದು ಆಷಾಢದ ಮಧ್ಯಾಹ್ನ ಹಾವೇರಿಯಿಂದ ಒಬ್ಬ ಡಾಕ್ಟರು ಬಂದರು. ದನದ ಡಾಕ್ಟರು. ನಿವೃತ್ತರಾಗಿ ಮೂರು ವರ್ಷವಾಗಿತ್ತು. ಕರ್ಚೀಫಿನಲ್ಲಿ ಸುತ್ತಿ ತಂದದ್ದನ್ನು ಮೇಜಿನ ಮೇಲೆ ಇಟ್ಟು ಬಿಚ್ಚಿದರು. ನಾನು ಪರದೆಯ ಸಂದಿಯಿಂದ ನೋಡಿದೆ. ಚಹಾದ ಸಣ್ಣ ಲೋಟದಷ್ಟು ಗಾತ್ರದ ಒಂದು ಮೋಟಾರು.

"ಮಿಸ್ತ್ರಿ, ಇದನ್ನ ಸ್ವಲ್ಪ ಜೋರ್ ಮಾಡಿ ಕೊಡ್ತೀರೇನ?"

"ಯಾವ ಮಿಕ್ಸರಿಂದ್ರಿ ಇದು ಸಾಹೇಬ್ರ?" ಎಂದರು ಇವರು.

"ಮಿಕ್ಸರಿಂದಲ್ಲ. ಕಾರಿಂದು."

ಇವರು ಹೊರಗೆ ನಿಂತಿದ್ದ ಡಾಕ್ಟರ ಬಿಳಿ ಕಾರನ್ನೂ ಮೇಜಿನ ಮೇಲಿದ್ದ ಮೋಟಾರನ್ನೂ ಒಂದೆರಡು ಸಲ ನೋಡಿದರು. "ವೈಪರಿಂದೇನ್ರಿ?"

ಡಾಕ್ಟರು ಕಾರಿಗೆ ಹೋಗಿ ಕೈಚೀಲದಿಂದ ಇನ್ನೊಂದು ಕಾರು ತಂದರು. ಮೊಣಕೈಯಷ್ಟು ಉದ್ದದ್ದು, ದಪ್ಪ ಗಾಲಿಯದ್ದು, ರಿಮೋಟಿನಿಂದ ಓಡಿಸುವಂಥದ್ದು. ನಲವತ್ತು ವರ್ಷ ಎಮ್ಮೆ ಆಕಳುಗಳ ಜೊತೆ ಕಳೆದ ಮನುಷ್ಯ, ನಿವೃತ್ತಿಯ ನಂತರ ಒದೆಯದ, ಮೇವು ಕೇಳದ, ಅರ್ಧ ರಾತ್ರಿ ಕರೆಕಳಿಸದ ಒಂದು ವಸ್ತುವನ್ನು ಸಾಕಬೇಕೆಂದು ಆಸೆಪಟ್ಟು ಇದನ್ನು ತರಿಸಿಕೊಂಡಿದ್ದರಂತೆ. ಈಗ ಅದು ಸಾಕಷ್ಟು ಜೋರಾಗಿ ಓಡುತ್ತಿಲ್ಲ ಎಂಬುದು ಅವರ ದೂರು.

ನಮ್ಮ ಮನೆಯವರು ಜೀವಮಾನದಲ್ಲಿ ಯಾವ ಗಿರಾಕಿಗೂ ಆಗುವುದಿಲ್ಲ ಎಂದವರಲ್ಲ. "ನೋಡ್ತೇನ್ರಿ, ಬಿಟ್ಟು ಹೋಗ್ರಿ" ಎಂದರು. ಅವರು ನೋಡುತ್ತೇನೆ ಎಂದರೆ ನಾನು ನೋಡಬೇಕು ಎಂದು ಅರ್ಥ.

ಬಿಚ್ಚಿದೆ. ಒಳಗೆ ಎರಡು ಅಯಸ್ಕಾಂತ, ಅವುಗಳ ನಡುವೆ ತಿರುಗುವ ಆರ್ಮೇಚರು. ಕಬ್ಬಿಣದ ಮೂರು ಹಲ್ಲು, ಪ್ರತಿ ಹಲ್ಲಿಗೂ ತಾಮ್ರದ ತಂತಿ ಸುತ್ತಿದೆ. ಮಿಕ್ಸರಿನ ಆರ್ಮೇಚರಿನ ಮರಿಯಂತಿತ್ತು. ಒಂದು ಹಲ್ಲಿನ ತಂತಿ ಬಿಚ್ಚಿ ಎಣಿಸಿದೆ: ಇಪ್ಪತ್ತೇಳು ಸುತ್ತು. ನಮ್ಮ ಕಸುಬಿನಲ್ಲಿ ಎಷ್ಟಿತ್ತೋ ಅಷ್ಟೇ ಹಾಕುವುದು ಶಾಸ್ತ್ರ. ಆದರೆ ಡಾಕ್ಟರು ಜೋರು ಮಾಡಿ ಎಂದಿದ್ದಾರಲ್ಲ. ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿದ ಹಾಗೆ, ಸ್ವಲ್ಪ ತೆಳು ತಂತಿ ತಗೊಂಡು ಮೂವತ್ತೈದು ಸುತ್ತು ಹಾಕಿದೆ. ಕೆಲಸ ಚೊಕ್ಕಟವಾಗಿ ಬಂತು. ನಾನು ಖುಷಿಯಿಂದ ವಾರ್ನಿಶ್ ಬಳಿದು ಒಣಗಲು ಇಟ್ಟೆ.

ಪರೀಕ್ಷೆ ಹಾವೇರಿಯಲ್ಲಿ ನಡೆಯಿತು. ಅಲ್ಲಿ ನನ್ನ ತಂಗಿಯ ಮನೆಯಿದೆ. ಆ ನೆಪದಲ್ಲಿ ನಾನೂ ಹೋದೆ. ಡಾಕ್ಟರ ಮನೆಯ ಹಿಂದೆ ಒಂದು ಹೊಸ ಬಡಾವಣೆ. ಮೊದಲು ಜೋಳದ ಹೊಲವಾಗಿದ್ದ ಜಾಗದಲ್ಲಿ ಈಗ ಡಾಂಬರು ರಸ್ತೆ, ದೀಪದ ಕಂಬ, ದೊಡ್ಡ ಕಮಾನು, ಉದ್ಯಾನಕ್ಕೆ ಕಾದಿರಿಸಿದ ಜಾಗ ಎಂಬ ಫಲಕ ಎಲ್ಲ ಇದ್ದವು. ಮನೆ ಮಾತ್ರ ಒಂದೂ ಇರಲಿಲ್ಲ. ಆಟದ ಕಾರು ಓಡಿಸಲು ಹಾವೇರಿ ಜಿಲ್ಲೆಯಲ್ಲೇ ಇಷ್ಟು ಒಳ್ಳೆಯ ವ್ಯವಸ್ಥೆ ಇನ್ನೆಲ್ಲೂ ಇರಲಿಕ್ಕಿಲ್ಲ.

ಡಾಕ್ಟರು ರಿಮೋಟು ಒತ್ತಿದರು. ಕಾರು ಹೊರಟಿತು. ಒಂದು ಬೀದಿನಾಯಿ ಅದರ ಪಕ್ಕದಲ್ಲೇ ನಡೆಯುತ್ತ, ಮೂಸುತ್ತ, ಸ್ವಲ್ಪ ದೂರ ಹೋಗಿ, ಬೇಸರ ಬಂದು ಅದನ್ನು ದಾಟಿ ಮುಂದೆ ಹೋಯಿತು.

"ಮಿಸ್ತ್ರಿ, ಇದು ಓಡಾಕತ್ತಿಲ್ಲ. ಮೇಯಾಕ ಹೊಂಟೈತಿ" ಎಂದರು ಡಾಕ್ಟರು.

"ಮೊದ್ಲ ಹಂಗ ಇರ್ತೈತ್ರಿ. ಹೊಸಾ ತಂತಿ, ಹೊಂದ್ಕೋಬೇಕಲ್ರಿ" ಎಂದರು ನಮ್ಮ ಮನೆಯವರು. ಹೊಸ ಚಪ್ಪಲಿಯ ವಿಷಯದಲ್ಲಿ ಮಾತ್ರ ಸರಿಹೋಗುವ ಮಾತನ್ನು ಅಷ್ಟು ಗಂಭೀರವಾಗಿ ಮೋಟಾರಿನ ವಿಷಯದಲ್ಲಿ ಹೇಳಲು ಅವರಿಗೊಬ್ಬರಿಗೇ ಸಾಧ್ಯ. ನಾನು ತಂಗಿ ಮನೆಗೆ ಹೋಗಿ ಅವಲಕ್ಕಿ ತಿಂದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಯಿಂದ ಹೋದ ಮೋಟಾರು ಹೀಗೆ ಮರ್ಯಾದೆ ತೆಗೆದದ್ದು ಅದೇ ಮೊದಲು. ಮರ್ಯಾದೆ ಹೋದದ್ದು ಲೆಕ್ಕದಲ್ಲಿ ಅವರದ್ದು. ನೋವು ಮಾತ್ರ ನನಗೆ.

ಮುಂದಿನ ವಾರ ಡಾಕ್ಟರು ಮತ್ತೆ ಬಂದರು. ಆ ದಿನ ಇವರು ಯಾರದೋ ಬೋರು ನೋಡಲು ಅಗಡಿ ಎಂಬ ಊರಿಗೆ ಹೋಗಿದ್ದರು. ಅಂಗಡಿಯಲ್ಲಿ ಯಾರೂ ಕಾಣದೆ ಡಾಕ್ಟರು "ಮಿಸ್ತ್ರಿ" ಎಂದು ಕೂಗುತ್ತ ಪರದೆ ಸರಿಸಿದರು. ನಾನು ಹಾವೇರಿಯಿಂದ ವಾಪಸ್ ತಂದಿದ್ದ ಅವರ ಆರ್ಮೇಚರನ್ನೇ ಕೈಯಲ್ಲಿ ಹಿಡಿದು, ಮೂವತ್ತೈದು ಸುತ್ತಿನ ನನ್ನ ಪಾಪವನ್ನು ಬಿಚ್ಚುತ್ತ ಕೂತಿದ್ದೆ. ಅವರು ನನ್ನ ಬೆರಳನ್ನು ನೋಡಿದರು, ಗೋಡೆಗೆ ಒರಗಿಸಿದ್ದ ಅರ್ಧ ಸುತ್ತಿದ ಬೋರಿನ ಮೋಟಾರನ್ನು ನೋಡಿದರು, ಮತ್ತೆ ನನ್ನ ಮುಖ ನೋಡಿದರು.

"ಹಂಗಾದ್ರ ಇಷ್ಟ ದಿನ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಜೀವನವಿಡೀ ಬಾಯಿಲ್ಲದ ರೋಗಿಗಳ ಗುಟ್ಟು ಕಾಪಾಡಿದವರು. ಸ್ಟೂಲು ಎಳೆದುಕೊಂಡು ಕೂತರು. "ತಂಗಿ, ನಿನಗೊಂದು ತೋರಸ್ತೇನಿ, ನೋಡು."

ಮೊಬೈಲಿನಲ್ಲಿ ಒಂದು ವಿಡಿಯೋ. ಯಾವುದೋ ದೇಶದ ಒಬ್ಬ ಮನುಷ್ಯ ಇಂಥದ್ದೇ ಆರ್ಮೇಚರಿಗೆ ತಂತಿ ಸುತ್ತುತ್ತಿದ್ದ. ಅವನ ಮಾತು ನನಗೆ ಒಂದಕ್ಷರ ತಿಳಿಯಲಿಲ್ಲ. ಕೈ ಪೂರ್ತಿ ತಿಳಿಯಿತು. ಅವನ ತಂತಿ ದಪ್ಪ. ಸುತ್ತು ಕಡಿಮೆ. ನೋಡುತ್ತಿದ್ದ ಹಾಗೆ ನನಗೆ ನಾನೇ ಬೈದುಕೊಂಡೆ. ಸುತ್ತು ಕಡಿಮೆಯಾದರೆ ಕರೆಂಟಿಗೆ ಅಡ್ಡಿ ಕಡಿಮೆ, ಹೆಚ್ಚು ಕರೆಂಟು ಹರಿಯುತ್ತದೆ, ವೇಗ ಹೆಚ್ಚುತ್ತದೆ, ಜೊತೆಗೆ ಬಿಸಿಯೂ ಹೆಚ್ಚುತ್ತದೆ. ಹೆಚ್ಚಿಗೆ ಬೇಕೆಂದರೆ ಕಡಿಮೆ ಹಾಕಬೇಕು. ಇಷ್ಟು ವರ್ಷ ಎಣಿಸಿ ಅಷ್ಟೇ ಹಾಕುತ್ತ ಬಂದವಳಿಗೆ, ಯಾಕೆ ಅಷ್ಟೇ ಎಂದು ಕೇಳಿಕೊಳ್ಳುವ ಸಂದರ್ಭವೇ ಬಂದಿರಲಿಲ್ಲ.

ಇಪ್ಪತ್ತು ಸುತ್ತು ಹಾಕಿದೆ. ಈ ಸಲ ತೂಕವನ್ನೂ ನೋಡಿದೆ. ಎರಡು ಬ್ಲೇಡುಗಳನ್ನು ನೆಟ್ಟಗೆ ನಿಲ್ಲಿಸಿ ಅವುಗಳ ಅಂಚಿನ ಮೇಲೆ ಆರ್ಮೇಚರಿನ ಕಡ್ಡಿ ಇಟ್ಟರೆ, ಭಾರವಾದ ಹಲ್ಲು ತಾನಾಗಿ ಕೆಳಗೆ ತಿರುಗುತ್ತದೆ. ಆಗ ಹಗುರಾದ ಹಲ್ಲಿನ ಮೇಲೆ ಒಂದು ಹನಿ ಅಂಟು ಹಾಕಿ ಸರಿದೂಗಿಸಬೇಕು. ಹನಿ ದೊಡ್ಡದಾಗುತ್ತಿತ್ತು. ಡಾಕ್ಟರು ತಮ್ಮ ಹಳೆಯ ಪೆಟ್ಟಿಗೆಯಿಂದ ಆಕಳಿಗೆ ಚುಚ್ಚುವ ದಪ್ಪ ಸಿರಿಂಜು ತಂದುಕೊಟ್ಟರು. ಅದರಿಂದ ಸಾಸಿವೆಯಷ್ಟು ಹನಿ ಬೀಳಿಸಬಹುದಾಗಿತ್ತು. ನಾವಿಬ್ಬರೂ ಉಸಿರು ಹಿಡಿದು ನೋಡುತ್ತ ಕೂತಿದ್ದಾಗ ಆರ್ಮೇಚರು ಬ್ಲೇಡಿನ ಮೇಲೆ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು. ಆ ಸುಖವನ್ನು ನಾನು ಯಾರಿಗೂ ವಿವರಿಸಲಾರೆ. ವಿವರಿಸುವುದು ನನ್ನ ಕೆಲಸವೂ ಅಲ್ಲವಲ್ಲ.

ಮರುವಾರ ಬಡಾವಣೆಯಲ್ಲಿ ಕಾರು ಎಂಥ ವೇಗದಲ್ಲಿ ಹೋಯಿತೆಂದರೆ, ಡಾಕ್ಟರು "ಅಯ್ಯಯ್ಯ" ಎನ್ನುವಷ್ಟರಲ್ಲಿ ದೀಪದ ಕಂಬಕ್ಕೆ ಬಡಿದು ಮಗುಚಿತ್ತು. ಆ ಕಂಬ ಯಾವುದಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

"ನಾ ಹೇಳಿದ್ನಲ್ರಿ ಸಾಹೇಬ್ರ, ತಂತಿ ಹೊಂದ್ಕೊಂತು" ಎಂದರು ನಮ್ಮ ಮನೆಯವರು.

ಡಾಕ್ಟರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರಿಗೂ ನಗು ಬರುತ್ತಿತ್ತು.

ಬ್ಯಾಡಗಿಯ ಒಬ್ಬ ಸಾಹುಕಾರರ ಸುದ್ದಿ ಬಂದದ್ದು ಆಮೇಲೆ. ಮೂರು ತಲೆಮಾರಿನಿಂದ ಮೆಣಸಿನಕಾಯಿ ವ್ಯಾಪಾರದ ಮನೆತನ; ವಯಸ್ಸು ನಲವತ್ತರ ಹತ್ತಿರ; ಮೂರು ರಿಮೋಟ್ ಕಾರು. ಈ ಹುಚ್ಚು ಹತ್ತಿದ ಏಳು ಜನರ ಒಂದು ವಾಟ್ಸಾಪ್ ಗುಂಪು ಕಟ್ಟಿದ್ದರು, ಡಾಕ್ಟರೂ ಅದರಲ್ಲಿದ್ದರು. ಸೀಜನ್ ಮುಗಿದು ಸಾಹುಕಾರರ ಗೋದಾಮಿನ ಮುಂದಿನ ಕಾಂಕ್ರೀಟ್ ಕಣ ಖಾಲಿ ಬಿದ್ದಿತ್ತು. ಅಲ್ಲಿ ಭಾನುವಾರ ಪಂದ್ಯ ಎಂದು ಗೊತ್ತಾಯಿತು. ನಿಯಮಗಳೂ ಬಂದವು: ತಿರುಗುವ ತಾಮ್ರಕ್ಕೆ ಕರೆಂಟು ಮುಟ್ಟಿಸುವ ಬ್ರಶ್ ಇರುವ ಮೋಟಾರೇ ಆಗಬೇಕು, ಹದಿನೈದು ಸುತ್ತಿಗಿಂತ ಕಡಿಮೆ ಇರಬಾರದು, ಕಣವನ್ನು ಹತ್ತು ಸಲ ಸುತ್ತಬೇಕು, ಯಾರಾದರೂ ಆಕ್ಷೇಪ ಎತ್ತಿದರೆ ಗೆದ್ದವರ ಮೋಟಾರನ್ನು ಅಲ್ಲೇ ಬಿಚ್ಚಿ ಎಣಿಸಬೇಕು, ಆಕ್ಷೇಪ ಸುಳ್ಳಾದರೆ ಎತ್ತಿದವರು ಹೊಸ ಮೋಟಾರು ತಂದುಕೊಡಬೇಕು.

ಡಾಕ್ಟರು ಬಂದು ನಿಯಮಗಳನ್ನು ಓದಿ ಹೇಳಿದರು. ಅವರು ಹೋದ ಮೇಲೆ ಇವರು ಪರದೆಯೊಳಗೆ ತಲೆ ಹಾಕಿದರು.

"ಹನ್ನೆರಡು ಹಾಕು."

"ಹದಿನೈದಕ್ಕಿಂತ ಕಡಿಮಿ ಇರಬಾರದು ಅಂದ್ರಲ್ರಿ."

"ಅಂತಾರ. ಯಾಂವ ಬಿಚ್ಚಿ ಎಣಸ್ತಾನ? ಹನ್ನೆರಡು ಹಾಕು, ನೋಡು ಹೆಂಗ ಹಾರ್ತೈತಿ."

"ಹೂನ್ರಿ" ಎಂದೆ.

ಕಾರಿನಲ್ಲಿ ಬ್ಯಾಟರಿಗೂ ಮೋಟಾರಿಗೂ ನಡುವೆ ಸ್ಪೀಡ್ ಕಂಟ್ರೋಲರ್ ಎಂಬ ಒಂದು ಸಣ್ಣ ಡಬ್ಬಿ ಇರುತ್ತದೆ. ಡಾಕ್ಟರು ಬಿಟ್ಟುಹೋಗಿದ್ದ ಕಾರಿನಲ್ಲಿ ಅದರ ಮೇಲೆ ಇರುವೆಯಂಥ ಅಕ್ಷರದಲ್ಲಿ ಏನೋ ಬರೆದಿತ್ತು. ಕನ್ನಡಕ ಹಾಕಿಕೊಂಡು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಹದಿನೇಳು ಸುತ್ತಿಗಿಂತ ಕಡಿಮೆಯ ಮೋಟಾರನ್ನು ಈ ಡಬ್ಬಿ ತಾಳುವುದಿಲ್ಲ ಎಂದಿತ್ತು. ಮಾಡಿದವರಿಗೆ ಗೊತ್ತಿರಬೇಕು ಎಂದುಕೊಂಡು ಹದಿನೇಳು ಸುತ್ತು ಹಾಕಿದೆ. ತಂತಿ ಒಂದರ ಮೇಲೊಂದು ಏರದಂತೆ, ಪೋಣಿಸಿದ ಹಾಗೆ ಹಾಕಿದೆ. ಮೂರು ದಿನ ಹಿಡಿಯಿತು. ತಂತಿಯ ತುದಿ ಕೂರುವ ತಾಮ್ರವನ್ನು ಕನ್ನಡಿಯಂತೆ ಉಜ್ಜಿದೆ, ಬ್ರಶ್ಶುಗಳನ್ನು ಅದಕ್ಕೆ ತಕ್ಕ ಹಾಗೆ ಮಸೆದೆ.

"ಹಾಕಿದೇನು?" ಎಂದು ಕೇಳಿದರು ಇವರು.

"ಹಾಕೀನ್ರಿ" ಎಂದೆ. ಎಷ್ಟು ಎಂದು ಅವರು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ.

ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಬ್ಯಾಡಗಿಗೆ ಹೋದೆವು. ಸಾಮಾನಿನ ಪೆಟ್ಟಿಗೆ ತೊಡೆಯ ಮೇಲೆ ಇಟ್ಟುಕೊಂಡು ನಾನು ಹಿಂದೆ ಕೂತಿದ್ದೆ. ಪೆಟ್ಟಿಗೆ ಹಿಡಿಯಲು ಒಬ್ಬರು ಬೇಕು ಎಂಬುದೇ ನಾನು ಹೋಗಲು ಕಾರಣ ಎಂದು ಇವರು ಅಲ್ಲಿ ಎಲ್ಲರಿಗೂ ಹೇಳಿದರು. ಕಣದ ಒಂದು ಬದಿಯ ನೆರಳಿನಲ್ಲಿ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಏಳೆಂಟು ಹೆಂಗಸರು ಕೂತಿದ್ದರು. ಉಳಿದ ಮಾಲಿನ ಕೆಲಸ ಭಾನುವಾರವೂ ನಡೆದಿತ್ತು. ನಾನೂ ಅವರ ಹತ್ತಿರ ಹೋಗಿ ಕೂತೆ.

ಸಾಹುಕಾರರು ಅಭ್ಯಾಸಕ್ಕೆಂದು ತಮ್ಮ ಕಾರು ಬಿಟ್ಟರು. ಕಣ ಗುಡಿಸಿದ್ದರು, ನೀರು ಕೂಡ ಹೊಡೆದಿದ್ದರಂತೆ. ಆದರೆ ಕಾಂಕ್ರೀಟಿನ ಬಿರುಕುಗಳಲ್ಲಿ ವರ್ಷಗಳ ಖಾರ ಕೂತಿತ್ತು. ಕಾರಿನ ಗಾಲಿ ಅದನ್ನು ಎಬ್ಬಿಸಿತು. ಮೊದಲು ಡಾಕ್ಟರು ಸೀನಿದರು. ಆಮೇಲೆ ನಮ್ಮ ಮನೆಯವರು. ಆಮೇಲೆ ಇಡೀ ವಾಟ್ಸಾಪ್ ಗುಂಪು. ಕಣ್ಣಲ್ಲಿ ನೀರು ಸುರಿಸುತ್ತ, ರಿಮೋಟು ಹಿಡಿದ ಕೈಯಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದ ಗಂಡಸರನ್ನು ನೋಡಿ ತೊಟ್ಟು ಬಿಡಿಸುವ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅವರಲ್ಲಿ ಒಬ್ಬರೂ ಸೀನಲಿಲ್ಲ.

ನನಗೆ ಹೊಳೆದದ್ದು ಮೋಟಾರಿನ ಮೂಗು. ಗಾಳಿಯಾಡಲೆಂದು ಅದರ ಮೈಗೆ ತೂತುಗಳಿರುತ್ತವೆ. ಈ ಪುಡಿ ಒಳಗೆ ಹೋದರೆ ಬ್ರಶ್ಶಿನ ಗತಿ ಮುಗಿಯಿತು. ಡಾಕ್ಟರ ಪೆಟ್ಟಿಗೆಯಲ್ಲಿ ಗಾಯಕ್ಕೆ ಕಟ್ಟುವ ಜಾಳುಬಟ್ಟೆ ಇತ್ತು. ಒಂದು ತುಂಡು ಕತ್ತರಿಸಿ ತೂತುಗಳ ಮೇಲೆ ಒಂದೇ ಪದರ ಕಟ್ಟಿದೆ.

"ಅದೇನು ಕಟ್ಟೀರಿ?" ಎಂದು ಸಾಹುಕಾರರು ಕೇಳಿದರು.

"ಗಾಳಿ ಲೆಕ್ಕ ಐತ್ರಿ ಅದು. ಹೇಳಿದ್ರ ತಿಳಿಯೂದಿಲ್ಲ" ಎಂದು ನಮ್ಮ ಮನೆಯವರು ಉತ್ತರ ಕೊಟ್ಟರು. ಅದೇನು ಎಂದು ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದಾಗ ಅವರ ದನಿ ಇನ್ನೂ ಗಟ್ಟಿಯಾಗುತ್ತದೆ.

ಪಂದ್ಯಕ್ಕೆ ಮುಂಚೆ ಗೇಟಿನ ಹತ್ತಿರ ಚಹಾ ಕುಡಿಯುವಾಗ ಒಬ್ಬರ ಕಿವಿಯಲ್ಲಿ ಇವರು ಗುಟ್ಟು ಹೇಳಿದರು: "ಯಾರ ಮುಂದನೂ ಹೇಳಬ್ಯಾಡ್ರಿ. ಹನ್ನೆರಡು ಸುತ್ತು ಹಾಕೀನಿ." ಇವರ ಪಿಸುಮಾತು ಬೋರಿನ ಮೋಟಾರಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಬೆಳೆದದ್ದು. ನೆರಳಿನಲ್ಲಿ ಕೂತ ನನಗೇ ಕೇಳಿಸಿತೆಂದರೆ, ಮೂರು ಹೆಜ್ಜೆ ದೂರದಲ್ಲಿದ್ದ ಸಾಹುಕಾರರಿಗೆ ಕೇಳಿಸದೆ ಇದ್ದೀತೇ? ಅವರು ಚಹಾ ಮುಗಿಸಿ ಕಪ್ಪು ಇಟ್ಟು ಒಂದು ಸಲ ಮೀಸೆ ಒರೆಸಿಕೊಂಡರು, ಅಷ್ಟೇ.

ಏಳು ಕಾರು ಹೊರಟವು. ನಾಲ್ಕನೇ ಸುತ್ತಿಗೆ ಮೂರು ನಿಂತುಹೋದವು, ಖಾರ ಕುಡಿದಿದ್ದವು. ಸಾಹುಕಾರರ ಕಾರು ಎಲ್ಲರಿಗಿಂತ ಅರ್ಧ ಕಣ ಮುಂದಿತ್ತು. ಡಾಕ್ಟರು ಗಬ್ಬದ ಆಕಳ ಹತ್ತಿರ ಹೋಗುವವರ ಹಾಗೆ ನಿಧಾನಕ್ಕೆ, ತಿರುವುಗಳಲ್ಲಿ ತಗ್ಗಿಸಿ, ನೇರ ದಾರಿಯಲ್ಲಿ ಬಿಟ್ಟು ಓಡಿಸುತ್ತಿದ್ದರು. ಆರನೇ ಸಲ ಸಾಹುಕಾರರ ಕಾರು ನಮ್ಮ ಮುಂದೆ ಹಾದುಹೋದಾಗ ನನ್ನ ಮೂಗಿಗೆ ಒಂದು ವಾಸನೆ ಬಡಿಯಿತು. ವಾರ್ನಿಶ್ ಸುಡುವ ವಾಸನೆ. ಒಗ್ಗರಣೆಯ ವಾಸನೆಗಿಂತ ನನಗೆ ಅದೇ ಹೆಚ್ಚು ಪರಿಚಿತ. ಪಂದ್ಯ ಮುಗಿದಿದೆ ಎಂದು ನನಗೆ ಆಗಲೇ ಗೊತ್ತಾಯಿತು. ಪಕ್ಕದ ಹೆಂಗಸಿಗೆ, "ಆ ಮುಂದಿಂದು ನಿಲ್ತೈತಿ ನೋಡಬೇ" ಎಂದೆ. ಎಂಟನೇ ಸುತ್ತಿನಲ್ಲಿ ಅದು ಕೆಮ್ಮಿತು, ಒಂಬತ್ತರಲ್ಲಿ ನಡೆಯತೊಡಗಿತು. ಡಾಕ್ಟರ ಕಾರು ಅದರ ಪಕ್ಕದಿಂದ ಹೋಗಿ ಹತ್ತು ಮುಗಿಸಿತು.

ಚಪ್ಪಾಳೆ ನಿಂತ ಮೇಲೆ ಸಾಹುಕಾರರು ಮುಂದೆ ಬಂದರು.

"ಡಾಕ್ಟರ್ರ, ಸಿಟ್ಟಾಗಬ್ಯಾಡ್ರಿ. ಮೋಟಾರ್ ಬಿಚ್ಚಿ ಎಣಸೂಣು. ಇದರಾಗ ಹನ್ನೆರಡ ಸುತ್ತು ಅದಾವ ಅಂತ ಸುದ್ದಿ ಐತಿ."

"ಯಾರ್ ಹೇಳಿದ್ರು?" ಎಂದರು ಡಾಕ್ಟರು.

"ಹೇಳಿದವ್ರು ಇಲ್ಲೇ ಅದಾರ."

ನಮ್ಮ ಮನೆಯವರು ಆಕಾಶ ನೋಡುತ್ತಿದ್ದರು. ನೋಡುವಂಥದ್ದೇನೂ ಅಲ್ಲಿರಲಿಲ್ಲ. ಡಾಕ್ಟರ ಮುಖ ಇಳಿದುಹೋಯಿತು. ಮೋಸದ ಆಟ ಆಡಿದೆವೆಂದು ಅವರು ನಂಬಿದರಲ್ಲ ಎಂದು ನನಗೆ ನೋವಾಯಿತು. ಅಲ್ಲೇ ಹೇಳಿಬಿಡಬಹುದಿತ್ತು. ಹೇಳಿದರೆ ಗಂಡ ಸುಳ್ಳುಗಾರನಾಗುತ್ತಿದ್ದ. ಹೇಳದಿದ್ದರೆ ಸ್ವಲ್ಪ ಹೊತ್ತಿನಲ್ಲಿ ತಾಮ್ರವೇ ಹೇಳುತ್ತಿತ್ತು. ಅದೇ ಹೇಳಲಿ ಎಂದು ಸುಮ್ಮನಿದ್ದೆ. ನನ್ನ ಕೈಕೆಲಸವನ್ನು ನಾಲ್ಕು ಜನ ನೋಡಲಿ ಎಂಬ ಸ್ವಲ್ಪ ಆಸೆಯೂ ಇತ್ತು, ಮುಚ್ಚಿಡುವುದೇಕೆ.

ಸಾಹುಕಾರರು ಒಂದು ಗೋಣಿಚೀಲ ಹಾಸಿ, ಇಕ್ಕಳವನ್ನು ಇವರ ಕೈಗೆ ಕೊಟ್ಟರು. "ಬಿಚ್ಚ್ರಿ ಮಿಸ್ತ್ರಿ."

ಇವರು ಕೂತರು. ಮೋಟಾರಿನ ಮುಚ್ಚಳ ಯಾವ ಕಡೆಯಿಂದ ತೆಗೆಯಬೇಕೆಂದು ಹುಡುಕಿದರು. ಈ ಕಡೆ ತಿರುಗಿಸಿದರು, ಆ ಕಡೆ ತಿರುಗಿಸಿದರು. ಜನ ಸುತ್ತ ಬಾಗಿ ನೋಡುತ್ತಿದ್ದರು. ನನಗೆ ನೋಡಲಾಗಲಿಲ್ಲ. ಎದ್ದು ಹೋಗಿ, "ಕೊಡ್ರಿ ಇಲ್ಲಿ" ಎಂದೆ.

ಮುಚ್ಚಳ ತೆಗೆದು, ಆರ್ಮೇಚರು ಹೊರಗೆಳೆದು, ಒಂದು ತಂತಿಯ ತುದಿ ಕತ್ತರಿಸಿ ಬಿಚ್ಚತೊಡಗಿದೆ. ಸಾಹುಕಾರರು ಎಣಿಸಿದರು. ತೊಟ್ಟು ಬಿಡಿಸುವ ಹೆಂಗಸರೂ ಬಂದು ನಿಂತು ಎಣಿಸಿದರು. ಹತ್ತು. ಹನ್ನೊಂದು. ಹನ್ನೆರಡು. ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡರು.

"ಹದಿಮೂರು" ಎಂದಳು ಒಬ್ಬ ಹೆಂಗಸು.

ಇವರು ಕಣ್ಣು ತೆರೆದರು. ಅವರ ಮುಖ ಹಾಗಾದದ್ದನ್ನು ನಾನು ಎಂದೂ ನೋಡಿರಲಿಲ್ಲ. ಹದಿನೈದು ದಾಟಿದಾಗ ಸಾಹುಕಾರರ ದನಿ ಸಣ್ಣದಾಯಿತು. ಹದಿನಾರು. ಹದಿನೇಳು. ಬರೀ ಕಬ್ಬಿಣ. ಅವರು ಇನ್ನೊಂದು ಹಲ್ಲನ್ನೂ ಬಿಚ್ಚಿಸಿದರು. ಅದರಲ್ಲಿಯೂ ಹದಿನೇಳು. ಮೂರು ದಿನದ ಕೆಲಸ ಗೋಣಿಚೀಲದ ಮೇಲೆ ಸುರುಳಿಸುರುಳಿಯಾಗಿ ಬಿದ್ದಿತ್ತು.

"ನಂದು ಹದಿನೈದು ಸುತ್ತಿಂದು, ಬೆಂಗಳೂರಿಂದ ತರಸಿದ್ದು. ಹದಿನೇಳರದು ಗೆಲ್ಲೂದು ಹೆಂಗ?" ಎಂದು ಸಾಹುಕಾರರು ಇವರನ್ನು ಕೇಳಿದರು.

ಇವರು ವಿವರಿಸಲು ಬಾಯಿ ತೆರೆದರು. ತೆರೆದದ್ದನ್ನು ಹಾಗೇ ಮುಚ್ಚಿದರು.

"ಸುತ್ತಿದವ್ರನ್ನ ಕೇಳ್ರಿ" ಎಂದರು ಡಾಕ್ಟರು, ನನ್ನ ಕಡೆ ಕೈ ತೋರಿಸಿ.

ಎಲ್ಲರೂ ತಿರುಗಿ ನೋಡಿದರು. ಇಂಥ ಹೊತ್ತಿನಲ್ಲಿ ಏನಾದರೂ ದೊಡ್ಡ ಮಾತು ಹೇಳಬೇಕು ಎಂದು ನನಗೂ ಅನಿಸಿತು. ತೋಚಲಿಲ್ಲ. "ಆ ಡಬ್ಬಿ ಮ್ಯಾಲ ಬರದಾರಲ್ರಿ, ಹದಿನೇಳಕ್ಕಿಂತ ಕಡಿಮಿ ಹಾಕಬ್ಯಾಡ್ರಿ ಅಂತ. ಓದಿದೆ, ಅಷ್ಟ ಹಾಕಿದೆ" ಎಂದೆ.

ಸಾಹುಕಾರರು ತಮ್ಮ ಕಾರು ಎತ್ತಿ, ಅದರ ಡಬ್ಬಿಯ ಮೇಲೂ ಬರೆದಿದ್ದ ಅದೇ ಮಾತು ಓದಿದರು. ಮೂರು ವರ್ಷದಿಂದ ಅದು ಅವರ ಕಾರಿನಲ್ಲೇ ಇತ್ತು.

ವಾಪಸ್ ಬರುವಾಗ ಮೋಟೆಬೆನ್ನೂರಿನ ಹತ್ತಿರ ಇವರು ಹೆದ್ದಾರಿಯ ಪಕ್ಕದ ಹೋಟೆಲಿನಲ್ಲಿ ಬೈಕು ನಿಲ್ಲಿಸಿ ಎರಡು ಚಹಾ ಹೇಳಿದರು. ಲಾರಿಗಳು ಹಾಯುತ್ತಿದ್ದವು. ಅರ್ಧ ಲೋಟ ಮುಗಿದ ಮೇಲೆ ಶುರುಮಾಡಿದರು:

"ಹನ್ನೆರಡು ಹಾಕು ಅಂದಿದ್ದೆ."

"ಹೌದ್ರಿ."

"ಹದಿನೇಳು ಹಾಕಿದಿ."

"ಹೌದ್ರಿ."

ಮತ್ತೆ ಎರಡು ಲಾರಿ ಹೋದವು.

"ಇಷ್ಟ ವರ್ಷದಾಗ ಇನ್ನ ಏನೇನ್ ನಾ ಹೇಳಿದ್ದು ಮಾಡಿಲ್ಲ ನೀ?"

ನಾನು ಯೋಚಿಸಿದೆ. ಅವರು ಐದು ಎಂದಾಗ ಏಳು ಹಾಕಿದ್ದು, ಹಳೆ ತಂತಿಯೇ ಸಾಕು ಎಂದಾಗ ಹೊಸದು ಹಾಕಿದ್ದು, ನಾಳೆ ಕೊಡು ಎಂದ ಮೋಟಾರನ್ನು ಇನ್ನೂ ಒಣಗಿಲ್ಲ ಎಂದು ಮೂರು ದಿನ ಇಟ್ಟುಕೊಂಡದ್ದು. ಪಟ್ಟಿ ಉದ್ದವಾಗಿತ್ತು.

"ಎಲ್ಲಾ ಹೇಳ್ಲೇನ್ರಿ?"

ಅವರು ನನ್ನ ಮುಖ ನೋಡಿದರು. "ಬ್ಯಾಡ. ಚಾ ಕುಡಿ" ಎಂದರು.

ಸಿಟ್ಟಾಗಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಆದರೆ ಆ ದಿನದಿಂದ ಸುತ್ತಿನ ಲೆಕ್ಕ ಹೇಳುವುದನ್ನು ಬಿಟ್ಟರು. "ಎಷ್ಟ ಬೇಕೋ ಅಷ್ಟ ಹಾಕು" ಎನ್ನುತ್ತಾರೆ. ಮೊದಲಿನಿಂದಲೂ ಅಷ್ಟೇ ಹಾಕುತ್ತಿದ್ದೆ. ಈಗ ಅಪ್ಪಣೆ ಸಿಕ್ಕಿದೆ.

ಸಾಹುಕಾರರು ಮಾತಿಗೆ ತಪ್ಪದೆ ಡಾಕ್ಟರಿಗೆ ಹೊಸ ಮೋಟಾರು ಕಳಿಸಿದರು. ಎರಡು ವಾರದ ನಂತರ ತಾವೇ ನಮ್ಮ ಅಂಗಡಿಗೆ ಬಂದರು. ನೇರವಾಗಿ ನನ್ನನ್ನು ಕೇಳಿ, ಮೋಟಾರು ಮುಂದಿಟ್ಟು, "ವೈನಿ, ಇದಕ್ಕ ಹನ್ನೆರಡು ಹಾಕಿ ಕೊಡ್ರಿ" ಎಂದರು.

"ಡಬ್ಬಿ ಸುಡ್ತೈತ್ರಿ."

"ಸುಡ್ಲಿ ಬಿಡ್ರಿ. ಒಮ್ಮೆ ನೋಡಬೇಕು."

ಹಾಕಿ ಕೊಟ್ಟೆ. ಕಣವನ್ನು ಎರಡು ಸಲ ಸುತ್ತಿ ಡಬ್ಬಿ ಸುಟ್ಟಿತಂತೆ. ಆ ಎರಡು ಸುತ್ತಿನ ವಿಡಿಯೋ ಇವತ್ತಿಗೂ ಅವರ ಮೊಬೈಲಿನಲ್ಲಿದೆ, ಸಿಕ್ಕವರಿಗೆಲ್ಲ ತೋರಿಸುತ್ತಾರೆ. ಗೆದ್ದ ಡಾಕ್ಟರಿಗೂ ಅಷ್ಟು ಸಂತೋಷವಾದದ್ದನ್ನು ನಾನು ನೋಡಲಿಲ್ಲ.

ದೀಪಾವಳಿಯ ಮುಂಚೆ ಡಾಕ್ಟರು ಒಂದು ಕಣ್ಣಿನ ಆಪರೇಷನ್ ಮಾಡಿಸಿಕೊಂಡರು. ಕೆಲವು ತಿಂಗಳು ಅವರಿಗೆ ಕಾರು ಓಡಿಸುವಂತಿರಲಿಲ್ಲ. "ತಂಗಿ, ಮೋಟಾರ್ ನಿಂದು, ಇನ್ ಮ್ಯಾಲ ನೀನ ಓಡಸು" ಎಂದು ಹಾವೇರಿಗೆ ಕರೆಸಿ ರಿಮೋಟು ನನ್ನ ಕೈಗೆ ಕೊಟ್ಟರು. ನನಗೆ ಆಸೆಯೇನೋ ಇತ್ತು. ಈ ಹೊಸ ಮೋಟಾರಿಗೂ ಹದಿನೇಳು ಸುತ್ತು ಹಾಕಿಕೊಟ್ಟವಳು ನಾನೇ, ಒಳಗಿನ ಪ್ರತಿ ಸುತ್ತೂ ನನಗೆ ಗೊತ್ತು, ಓಡಿಸುವುದೇನು ಮಹಾ ಎಂದುಕೊಂಡೆ.

ಕಾರು ನನ್ನಿಂದ ದೂರ ಹೋಗುವವರೆಗೆ ಎಲ್ಲ ಸರಿಯಿತ್ತು. ತಿರುಗಿ ನನ್ನ ಕಡೆ ಬರುವಾಗ ಅದರ ಎಡ ನನ್ನ ಬಲವಾಯಿತು, ನನ್ನ ಬಲ ಅದರ ಎಡವಾಯಿತು. ನಾನು ಹೀಗೆ ತಿರುವಿದರೆ ಅದು ಹಾಗೆ ಹೋಯಿತು. ಒಮ್ಮೆ ಕಮಾನಿಗೆ ಬಡಿಯಿತು, ಒಮ್ಮೆ ಚರಂಡಿಗೆ ಇಳಿಯಿತು. ಮೂರನೇ ಸಲ ನೇರ ಡಾಕ್ಟರ ಕಾಲಿಗೇ ಬಂತು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡಿದ್ದ ಅವರು ಎಮ್ಮೆಯ ಒದೆತ ತಪ್ಪಿಸಿಕೊಂಡ ಅನುಭವದಿಂದ ಹಾರಿ ಪಾರಾದರು.

"ತಾ ಇಲ್ಲಿ" ಎಂದರು ನಮ್ಮ ಮನೆಯವರು.

ರಿಮೋಟು ಕೊಟ್ಟೆ. ಇನ್ನೊಂದು ಕಂಬ ಉಪಯೋಗಕ್ಕೆ ಬರುತ್ತದೆ ಎಂದುಕೊಂಡೆ. ಆದರೆ ಕಾರು ಚರಂಡಿಯಿಂದ ಒಂದು ಗೇಣು ದೂರದಲ್ಲಿ ತಿರುಗಿತು, ಕಮಾನಿನ ಎರಡು ಕಾಲುಗಳ ನಡುವೆ ದಾರದಂತೆ ನುಸುಳಿತು, ಉದ್ಯಾನದ ಫಲಕವನ್ನು ಬಳಸಿ ನಮ್ಮ ಮುಂದೆ ಬಂದು ಮೆತ್ತಗೆ ನಿಂತಿತು. ಇವರು ಇದ್ದಲ್ಲಿಂದ ಅಲುಗಾಡಿರಲಿಲ್ಲ. ಡಾಕ್ಟರು ಬೆರಗಾಗಿ, "ಯಾವಾಗ ಕಲತ್ರಿ ಮಿಸ್ತ್ರಿ?" ಎಂದರು.

ಯಾವಾಗ ಕಲಿತರು ಎಂದು ನನಗೆ ಗೊತ್ತಿತ್ತು. ದೂರದಲ್ಲಿ ಆರಾಮಾಗಿ ನಿಂತು, ಎರಡು ಬೆರಳು ಆಡಿಸಿ, ಇನ್ನೊಂದು ಕಡೆ ಮೋಟಾರನ್ನು ದುಡಿಸುವ ಕೆಲಸ. ಅದರಲ್ಲಿ ಅವರಿಗೆ ಇಪ್ಪತ್ತೆರಡು ವರ್ಷದ ಅನುಭವ.

"ಹೆಂಗೈತಿ?" ಎಂದು ನನ್ನನ್ನು ಕೇಳಿದರು. ಮದುವೆಯಾದಾಗಿನಿಂದ ಅವರು ತಮ್ಮ ಕೆಲಸದ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು.

"ಛಲೋ ಓಡಸ್ತೀರಿ" ಎಂದೆ. ಅದು ಖರೇ ಆಗಿತ್ತು. ಅದಕ್ಕೇ ಏನೋ, ರಾಣೆಬೆನ್ನೂರು ಮುಟ್ಟುವವರೆಗೂ ನನಗೆ ಅವರ ಮೇಲಿನ ಸಿಟ್ಟು ಇಳಿಯಲಿಲ್ಲ.